ಕೊಯ್ದ ತರಕಾರಿಯ ಉಸಿರು

ತರಕಾರಿಯನ್ನು ಗಿಡದಿಂದ ಬಿಡಿಸಿದೊಡನೆ ಅದರ ಬಾಳು ಮುಗಿಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬುಟ್ಟಿಯಲ್ಲಿ ತುಂಬಿದ ಅವರೆಕಾಯಿ, ಬಾಳೆನಾರಿನಿಂದ ಕಟ್ಟಿದ ದಂಟಿನ ಸೊಪ್ಪು, ರಾಶಿ ಹಾಕಿದ ಬದನೆಕಾಯಿ ಇವೆಲ್ಲ ನಮ್ಮ ಕಣ್ಣಿಗೆ ಉಪ್ಪು, ಬೆಲ್ಲ, ಎಣ್ಣೆಗಳಂತೆ ಅಡಿಗೆಯ ಸಾಮಗ್ರಿಗಳು ಮಾತ್ರ. ಆದರೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಈ ಭಾವನೆ ತಪ್ಪು. ಕೊಯ್ದ ಕಾಯಿಯೂ ಸೊಪ್ಪೂ ಇನ್ನೂ ಜೀವಂತವಾಗಿವೆ. ಅವುಗಳ ಕೋಟ್ಯಂತರ ಜೀವಕೋಶಗಳು ಒಲೆಯ ಮೇಲೆ ಏರುವ ತನಕ ತಮ್ಮ ಕೆಲಸವನ್ನು ನಡೆಸುತ್ತಲೇ ಇರುತ್ತವೆ. ಆಯಾ ಋತುವಿನಲ್ಲಿ, ಹತ್ತಿರದ ಹೊಲತೋಟಗಳಲ್ಲಿ ಬೆಳೆದುದನ್ನು ಸಂತೆಯಿಂದ ಕೊಂಡು ಬೇಯಿಸಿದರೆ ರುಚಿ ಹೆಚ್ಚು ಎಂದು ಹಿರಿಯರು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿ ನಿಜವಲ್ಲ, ಇದರ ಹಿಂದಿರುವ ಕಾರಣಗಳೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ನಮ್ಮ ನಾಡಿನ ಅವರೆಕಾಯಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ.

ಬುಟ್ಟಿಯೊಳಗಿನ ಉಸಿರಾಟ

ಪ್ರಾಣಿಗಳಂತೆಯೇ ಸಸ್ಯಗಳೂ ಹಗಲಿರುಳು ಉಸಿರಾಡುತ್ತವೆ. ಜೀವಕೋಶಗಳು ಗಾಳಿಯ ಆಮ್ಲಜನಕದ ಸಹಾಯದಿಂದ ಸಕ್ಕರೆಯನ್ನು ಮೆಲ್ಲಮೆಲ್ಲನೆ ದಹಿಸಿ, ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಹೊರಬಿಡುತ್ತವೆ. ಈ ಕ್ರಿಯೆಯಲ್ಲಿ ಹೊಮ್ಮುವ ಶಕ್ತಿಯೇ ಅವುಗಳ ಬಾಳಿಗೆ ಆಧಾರ. ಗಿಡದ ಮೇಲಿದ್ದಾಗ ಎಲೆಗಳು ಬಿಸಿಲಿನಲ್ಲಿ ಹೊಸ ಸಕ್ಕರೆಯನ್ನು ತಯಾರಿಸಿ ಈ ವೆಚ್ಚವನ್ನು ತುಂಬಿಕೊಡುತ್ತವೆ. ಬೇರುಗಳು ನೀರನ್ನು ಒದಗಿಸುತ್ತವೆ. ಕೊಯ್ದ ಮೇಲೆ ಈ ಎರಡು ವರಮಾನಗಳೂ ನಿಂತುಹೋಗುತ್ತವೆ. ವೆಚ್ಚ ಮಾತ್ರ ನಿಲ್ಲುವುದಿಲ್ಲ. ಅಂದಿನಿಂದ ಕಾಯಿಯು ತನ್ನ ಗಂಟನ್ನೇ ಕರಗಿಸಿಕೊಂಡು ಬದುಕಬೇಕು.

ಈ ವೆಚ್ಚ ಎಷ್ಟಾಗಬಹುದು? ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಕಿಲೊಗ್ರಾಮ್ ಹಸಿ ಬಟಾಣಿಕಾಯಿ ಗಂಟೆಗೆ ಸುಮಾರು ಕಾಲು ಗ್ರಾಮ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ದಿನಕ್ಕೆ 6 ಗ್ರಾಮ್ ಆಯಿತು. 180 ಗ್ರಾಮ್ ಗ್ಲೂಕೋಸ್ ದಹಿಸಿದರೆ 264 ಗ್ರಾಮ್ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ, 6 ಗ್ರಾಮ್ ಹುಟ್ಟಬೇಕಾದರೆ ಸುಮಾರು 4 ಗ್ರಾಮ್ ಸಕ್ಕರೆ ವೆಚ್ಚವಾಗಿರಬೇಕು. ಎಂದರೆ ಒಂದು ಕಿಲೊಗ್ರಾಮ್ ಕಾಯಿ ಒಂದು ದಿನದಲ್ಲಿ ಹೆಚ್ಚುಕಡಮೆ ಒಂದು ಚಹಾ ಚಮಚದಷ್ಟು ಸಕ್ಕರೆಯನ್ನು ಉಸಿರಾಟಕ್ಕೆ ಸವೆಸುತ್ತದೆ. ಇದರಿಂದ ಹುಟ್ಟುವ ಶಾಖ ಸುಮಾರು 15 ಕಿಲೊಕ್ಯಾಲೊರಿ. ಒಂದು ಕಿಲೊಗ್ರಾಮ್ ನೀರಿನ ಉಷ್ಣತೆಯನ್ನು 15 ಡಿಗ್ರಿಯಷ್ಟು ಏರಿಸಲು ಇಷ್ಟು ಸಾಕು. ತೆರೆದ ಬುಟ್ಟಿಯಲ್ಲಿ ಈ ಶಾಖ ಗಾಳಿಗೆ ಸೇರಿಹೋಗುತ್ತದೆ. ಬಿಗಿಯಾಗಿ ತುಂಬಿದ ಗೋಣಿಚೀಲದಲ್ಲಾದರೆ ಒಳಗೇ ಉಳಿಯುತ್ತದೆ. ಹಸಿ ಕಾಯಿಯ ಚೀಲದೊಳಕ್ಕೆ ಕೈ ತೂರಿಸಿದಾಗ ಬೆಚ್ಚಗೆನಿಸುವುದು ಇದೇ ಕಾರಣದಿಂದ.

ಶಾಖವು ಉಸಿರಾಟವನ್ನು ಮತ್ತಷ್ಟು ಕೆರಳಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಆಗುತ್ತದೆ. ಒಂದು ಕಿಲೊಗ್ರಾಮ್ ಹುರುಳಿಕಾಯಿ ಗಂಟೆಗೆ ಹೊರಬಿಡುವ ಇಂಗಾಲದ ಡೈಆಕ್ಸೈಡು 0 ಡಿಗ್ರಿಯಲ್ಲಿ ಸುಮಾರು 20 ಮಿಲಿಗ್ರಾಮ್, 10 ಡಿಗ್ರಿಯಲ್ಲಿ ಸುಮಾರು 60, 20 ಡಿಗ್ರಿಯಲ್ಲಿ ಸುಮಾರು 130. ಬೇಸಗೆಯ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಲಾರಿಯೊಳಗಿನ ಉಷ್ಣತೆಯನ್ನು ನೆನೆದರೆ ಅಲ್ಲಿ ಏನು ನಡೆಯುತ್ತಿರಬಹುದೆಂದು ಊಹಿಸಬಹುದು.

ಕಾಯಬಲ್ಲವೂ ಕಾಯಲಾರದವೂ

ಎಲ್ಲ ತರಕಾರಿಗಳೂ ಒಂದೇ ವೇಗದಲ್ಲಿ ಉಸಿರಾಡುವುದಿಲ್ಲ. 20 ಡಿಗ್ರಿಯಲ್ಲಿ ಬಟಾಣಿಯ ಉಸಿರಾಟ ಆಲೂಗೆಡ್ಡೆಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು; ಪಾಲಕ್ ಸೊಪ್ಪಿನದು ಈರುಳ್ಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಅಂತರಕ್ಕೆ ಕಾರಣವನ್ನು ತಿಳಿಯಬೇಕಾದರೆ, ನಾವು ತಿನ್ನುವುದು ಸಸ್ಯದ ಯಾವ ಅಂಗವನ್ನು ಎಂದು ಕೇಳಿಕೊಳ್ಳಬೇಕು.

ಆಲೂಗೆಡ್ಡೆ, ಈರುಳ್ಳಿ, ಸುವರ್ಣಗೆಡ್ಡೆಗಳು ಸಸ್ಯದ ಉಗ್ರಾಣಗಳು. ಮುಂದಿನ ಋತುವಿನಲ್ಲಿ ಮತ್ತೆ ಚಿಗುರುವುದಕ್ಕಾಗಿ ಸಸ್ಯ ತಾನೇ ಕೂಡಿಟ್ಟ ಆಹಾರ ಅವುಗಳಲ್ಲಿದೆ. ತಿಂಗಳುಗಟ್ಟಲೆ ಕಾಯುವುದೇ ಅವುಗಳ ಧರ್ಮ. ಆದ್ದರಿಂದ ಅವುಗಳ ಉಸಿರು ನಿಧಾನ. ಪೂರ್ತಿಯಾಗಿ ಒಣಗಿದ ಬೀಜಗಳು ಇವುಗಳಿಗಿಂತಲೂ ಸಂಯಮಿಗಳು. ನೀರಿನ ಅಂಶ ತೀರ ಕಡಮೆಯಾಗಿರುವುದರಿಂದ ಅವುಗಳ ಉಸಿರಾಟ ನಡೆಯುತ್ತಿದೆಯೋ ಇಲ್ಲವೋ ಎಂಬಷ್ಟು ಮಂದವಾಗಿರುತ್ತದೆ. ಹಳೆಯ ಮೈಸೂರು ಸೀಮೆಯ ರೈತರು ನೆಲದಲ್ಲಿ ತೋಡಿದ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದುದು ಈ ಗುಣದ ಬಲದಿಂದಲೇ.

ಸೊಪ್ಪಿನ ಸಂಗತಿ ಬೇರೆ. ಎಲೆ ಸಸ್ಯದ ಕಾರ್ಖಾನೆ. ಎಳೆಯ ಕಾಳು, ಚಿಗುರು, ಹೂವಿನ ಮೊಗ್ಗು, ಬಿದಿರಿನ ಕಳಲೆ ಇವೆಲ್ಲ ಭರದಿಂದ ಬೆಳೆಯುತ್ತಿರುವ ಅಂಗಗಳು. ಇವುಗಳಲ್ಲಿ ಜೀವವ್ಯಾಪಾರ ತೀವ್ರವಾಗಿರುತ್ತದೆ. ಕಿತ್ತ ಮೇಲೆಯೂ ಆ ಭರ ಒಮ್ಮೆಲೇ ಇಳಿಯುವುದಿಲ್ಲ. ಆದುದರಿಂದ ಕೊಳ್ಳುವವರಿಗೆ ಒಂದು ಸರಳವಾದ ಸೂತ್ರ ದೊರೆಯುತ್ತದೆ: ಸಸ್ಯವು ಕೂಡಿಡಲೆಂದೇ ಮಾಡಿಕೊಂಡ ಅಂಗವನ್ನು ಎಲ್ಲಿಂದ ತಂದರೂ, ಕೆಲವು ವಾರ ಇಟ್ಟರೂ ನಷ್ಟ ಅಲ್ಪ, ಬೆಳೆಯುತ್ತಿರುವ ಅಥವಾ ದುಡಿಯುತ್ತಿರುವ ಅಂಗವನ್ನು ಕೊಯ್ದ ದಿನವೇ ಕೊಂಡು, ಆ ದಿನವೇ ಬೇಯಿಸಬೇಕು.

ಸಿಹಿ ಎಲ್ಲಿ ಹೋಯಿತು?

ಬೆಳಿಗ್ಗೆ ಬಿಡಿಸಿದ ಎಳೆಯ ಅವರೆಕಾಳನ್ನು ಬಾಯಿಗೆ ಹಾಕಿಕೊಂಡರೆ ನವುರಾದ ಒಂದು ಸಿಹಿ ತಿಳಿಯುತ್ತದೆ. ಎರಡು ದಿನ ಕಳೆದ ಕಾಯಿಯನ್ನು ಸುಲಿದರೆ ಕಾಳೇನೋ ಅದೇ ಗಾತ್ರದಲ್ಲಿರುತ್ತದೆ. ಸಿಹಿ ಮಾತ್ರ ಇರುವುದಿಲ್ಲ, ಹಿಟ್ಟುಹಿಟ್ಟಾಗಿರುತ್ತದೆ. ಉಸಿರಾಟಕ್ಕೆ ವ್ಯಯವಾದ ಸಕ್ಕರೆಯಿಂದ ಮಾತ್ರ ಇಷ್ಟು ವ್ಯತ್ಯಾಸವಾಗಲಾರದು. ಇನ್ನೊಂದು ಕ್ರಿಯೆಯೂ ಜೊತೆಯಲ್ಲಿ ನಡೆಯುತ್ತಿರುತ್ತದೆ. ಎಳೆಗಾಳಿಗೆ ತಾನು ಬಲಿಯಬೇಕೆಂಬ ಹಂಬಲ. ಬಳ್ಳಿಯಿಂದ ಬಂದ ಸಕ್ಕರೆಯನ್ನು ಕಿಣ್ವಗಳ ಮೂಲಕ ಪಿಷ್ಟವನ್ನಾಗಿ ಪರಿವರ್ತಿಸಿ ಕೂಡಿಟ್ಟುಕೊಳ್ಳುವುದು ಅದರ ಸಹಜ ಕ್ರಮ. ಬಳ್ಳಿಯಿಂದ ಬೇರ್ಪಟ್ಟರೂ ಈ ಕೆಲಸ ಮುಂದುವರಿಯುತ್ತದೆ. ಹೊಸ ಸಕ್ಕರೆ ಬಾರದಿರುವುದರಿಂದ ಇದ್ದದ್ದೇ ಪಿಷ್ಟವಾಗಿ ಮುಗಿದುಹೋಗುತ್ತದೆ. ಪಿಷ್ಟಕ್ಕೆ ನಾಲಗೆಯ ಮೇಲೆ ಸಿಹಿಯಿಲ್ಲ.

ಈ ಪರಿವರ್ತನೆಯನ್ನು ಸಿಹಿ ಮುಸುಕಿನ ಜೋಳದ ಹಸಿ ತೆನೆಯಲ್ಲಿ ಬಹಳ ಹಿಂದೆಯೇ ಅಳೆದು ನೋಡಿದ್ದಾರೆ. ಅಮೆರಿಕದ ಆಪಲ್‌ಮನ್ ಮತ್ತು ಆರ್ಥರ್ ಎಂಬ ವಿಜ್ಞಾನಿಗಳು 1919ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, 30 ಡಿಗ್ರಿಯಲ್ಲಿಟ್ಟ ತೆನೆ ಒಂದೇ ದಿನದಲ್ಲಿ ತನ್ನ ಸಕ್ಕರೆಯಲ್ಲಿ ಸುಮಾರು ಶೇಕಡ 60 ಭಾಗವನ್ನು ಕಳೆದುಕೊಳ್ಳುತ್ತದೆ. 0 ಡಿಗ್ರಿಯಲ್ಲಿಟ್ಟರೆ ಕಳೆದುಕೊಳ್ಳುವುದು ಸುಮಾರು ಶೇಕಡ 6 ಭಾಗ ಮಾತ್ರ. ಬಟಾಣಿ, ಅವರೆ, ಜೋಳ ಮೊದಲಾದ ಎಳೆಗಾಳುಗಳೆಲ್ಲ ಈ ಒಂದೇ ಜಾಡಿನಲ್ಲಿ ಸಾಗುವಂಥವು. ಹೊಲದ ಬದುವಿನ ಮೇಲೆ ಸುಟ್ಟು ತಿಂದ ತೆನೆಗೆ ಇರುವ ರುಚಿ ಪೇಟೆಯಲ್ಲಿ ಕೊಂಡ ತೆನೆಗೆ ಇಲ್ಲವೆಂಬ ಮಾತು ಬರಿಯ ಊರಭಿಮಾನವಲ್ಲ.

ನೀರೂ ಜೀವಸತ್ವವೂ

ಸೊಪ್ಪಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಕೋಶಗಳೊಳಗೆ ಒತ್ತಿ ನಿಂತ ಈ ನೀರಿನ ಬಲದಿಂದಲೇ ಎಲೆ ಸೆಟೆದು ನಿಲ್ಲುತ್ತದೆ. ಕಿತ್ತ ಮೇಲೂ ಎಲೆಯ ಸಣ್ಣ ರಂಧ್ರಗಳ ಮೂಲಕ ನೀರು ಆವಿಯಾಗಿ ಹೋಗುತ್ತಿರುತ್ತದೆ. ಒತ್ತಡ ಇಳಿದು ಎಲೆ ಜೋಲುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವರು ಆಗಾಗ ನೀರು ಚಿಮುಕಿಸಿ ಒದ್ದೆಯ ಗೋಣಿಯನ್ನು ಹೊದಿಸುವುದರಲ್ಲಿ ಎರಡು ಲಾಭಗಳಿವೆ. ಎಲೆಯ ಸುತ್ತಣ ಗಾಳಿ ತೇವದಿಂದ ತುಂಬುವುದರಿಂದ ಎಲೆಯ ನೀರು ಉಳಿಯುತ್ತದೆ. ಗೋಣಿಯ ನೀರು ಆರುವಾಗ ಶಾಖವನ್ನು ಹೀರುವುದರಿಂದ ಸೊಪ್ಪು ತಣ್ಣಗಾಗುತ್ತದೆ.

ಬಾಡುವಿಕೆಯ ಜೊತೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಆಗುತ್ತದೆ. ಹಸಿರು ಸೊಪ್ಪುಗಳಲ್ಲಿ ಸಿ ಜೀವಸತ್ವ ಧಾರಾಳವಾಗಿರುತ್ತದೆ. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಬೇರ್ಪಡಿಸಿದ, ಒಸಡುಗಳಲ್ಲಿ ರಕ್ತ ಒಸರುವ ಸ್ಕರ್ವಿ ರೋಗವನ್ನು ತಡೆಯುವ ವಸ್ತು ಇದೇ. ಇದು ಆಮ್ಲಜನಕದ ಸಂಪರ್ಕದಿಂದ ಸುಲಭವಾಗಿ ಕೆಡುತ್ತದೆ. ಹಾಗೆ ಕೆಡುವುದನ್ನು ತ್ವರೆಗೊಳಿಸುವ ಕಿಣ್ವಗಳು ಎಲೆಯಲ್ಲಿಯೇ ಇವೆ. ಎಲೆ ಜಜ್ಜಿಹೋದರೆ, ಬಾಡಿದರೆ, ಬಿಸಿಯಾದರೆ ಅವುಗಳ ಕೆಲಸಕ್ಕೆ ಅನುಕೂಲ. ಮನೆಗೆ ತಂದ ಸೊಪ್ಪನ್ನು ಮೇಜಿನ ಮೇಲೆ ಮೂರು ದಿನ ಬಿಟ್ಟರೆ, ಬಣ್ಣ ಅಷ್ಟಾಗಿ ಬದಲಾಗದಿದ್ದರೂ ಈ ಜೀವಸತ್ವದ ಬಹುಪಾಲು ಹೋಗಿರುತ್ತದೆ.

ಅವರೆಗೆ ಕಾಲವನ್ನು ತಿಳಿಸುವವರು ಯಾರು?

ಇಷ್ಟರಿಂದ ತಾಜಾತನದ ಮಹತ್ವ ತಿಳಿಯಿತು. ಋತುವಿಗೂ ತರಕಾರಿಗೂ ಇರುವ ನಂಟು ಏನೆಂಬುದನ್ನು ಇನ್ನು ನೋಡಬೇಕು. ಮಾಗಡಿಯ ಸುತ್ತಿನ ಹೊಲಗಳಿಂದ ಬೆಂಗಳೂರಿನ ಬೀದಿಗಳಿಗೆ ಅವರೆಕಾಯಿಯ ರಾಶಿಗಳು ಬರುವುದು ಮುಖ್ಯವಾಗಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ. ಮುಂಗಾರಿನಲ್ಲಿ ರಾಗಿಯ ಜೊತೆ ಬಿತ್ತಿದ ಅವರೆ ಮಳೆಗಾಲವನ್ನೆಲ್ಲ ಎಲೆ ಬಳ್ಳಿಗಳನ್ನು ಬೆಳೆಸುವುದರಲ್ಲಿಯೇ ಕಳೆಯುತ್ತದೆ. ಮಳೆ ಹಿಂಜರಿದು ಇರುಳು ದೀರ್ಘವಾಗತೊಡಗಿದ ಮೇಲೆ ಹೂ ಬಿಡುತ್ತದೆ. ಸ್ವಲ್ಪ ಮುಂಚೆ ಬಿತ್ತಿದರೂ, ಸ್ವಲ್ಪ ತಡವಾಗಿ ಬಿತ್ತಿದರೂ ಹೂ ಬಿಡುವ ಕಾಲ ಹೆಚ್ಚಾಗಿ ಬದಲಾಗುವುದಿಲ್ಲ. ಹಾಗಾದರೆ ಬಳ್ಳಿಗೆ ಪಂಚಾಂಗವನ್ನು ಓದಿ ಹೇಳುವವರು ಯಾರು?

ಈ ಒಗಟಿಗೆ ಉತ್ತರ 1920ರಲ್ಲಿ ದೊರೆಯಿತು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪ್ರಯೋಗ ಮಾಡಿ, ಹಗಲಿನ ಉದ್ದವೇ ಹೂ ಬಿಡುವ ಕಾಲವನ್ನು ನಿರ್ಣಯಿಸುತ್ತದೆ ಎಂದು ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಸ್ಯಗಳು ನಿಜವಾಗಿ ಅಳೆಯುವುದು ಅಡೆತಡೆಯಿಲ್ಲದ ಇರುಳಿನ ಉದ್ದವನ್ನು ಎಂದು ಸ್ಪಷ್ಟಪಡಿಸಿದರು. ನಮ್ಮ ನಾಡಿನ ಹಳೆಯ ಅವರೆ ತಳಿಗಳು ದೀರ್ಘವಾದ ಇರುಳನ್ನು ಬಯಸುವ ವರ್ಗಕ್ಕೆ ಸೇರಿವೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಇಲ್ಲಿ ಜೂನ್ ತಿಂಗಳಿನ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಮೊಟಕು ಹಗಲು ಸುಮಾರು 11 ಗಂಟೆ 20 ನಿಮಿಷ. ಆರು ತಿಂಗಳಲ್ಲಿ ಆಗುವ ಒಂದೂವರೆ ಗಂಟೆಯ ಈ ಏರಿಳಿತವನ್ನು ಗಡಿಯಾರವಿಲ್ಲದೆ ನಾವು ಗಮನಿಸುವುದು ಕಷ್ಟ. ಅವರೆಯ ಎಲೆ ಗಮನಿಸುತ್ತದೆ.

ಚಳಿಗಾಲದ ಅವರೆಯನ್ನು ಜನ ಮೂಸಿ ನೋಡಿ ಕೊಳ್ಳುತ್ತಾರೆ. ಸಿಪ್ಪೆಯ ಮೇಲೆ ಒಸರುವ ಜಿಡ್ಡಾದ ದ್ರವದಿಂದ ಕೈಗೆ ಅಂಟುವ ಆ ವಿಶಿಷ್ಟ ಪರಿಮಳವೇ ಸೊಗಡು. ಈ ದ್ರವದಲ್ಲಿ ಕೊಬ್ಬಿನ ಆಮ್ಲಗಳು ಇರುವುದನ್ನು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚುತ್ತದೆ ಎಂಬುದು ಬೆಳೆಗಾರರ ಅನುಭವದ ಮಾತು.

ಋತುವಿನ ಈ ಕಟ್ಟನ್ನು ಸಡಿಲಿಸುವುದಕ್ಕೂ ವಿಜ್ಞಾನಿಗಳು ಕೈಹಾಕಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳು ಇರುಳಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವುದರಿಂದ, ನೀರಿನ ಅನುಕೂಲವಿದ್ದಲ್ಲಿ ಅವುಗಳನ್ನು ವರ್ಷದ ಬೇರೆ ಕಾಲಗಳಲ್ಲಿಯೂ ಬೆಳೆಯಬಹುದಾಗಿದೆ. ಇದರಿಂದ ರೈತನಿಗೂ ಕೊಳ್ಳುವವನಿಗೂ ಪ್ರಯೋಜನವಿದೆ. ಆದರೆ ಯಾವ ತಿಂಗಳಿನಲ್ಲಿ ಬೆಳೆದರೂ ಕೊಯ್ದ ಮೇಲಿನ ಉಸಿರಾಟದ ನಿಯಮ ಬದಲಾಗುವುದಿಲ್ಲ. ಚಳಿಗಾಲದ ತಂಪು ಬೆಳಗಿನಲ್ಲಿ ಕೊಯ್ದ ಕಾಯಿಗಿಂತ ಏಪ್ರಿಲ್ಲಿನ ಸೆಕೆಯಲ್ಲಿ ಕೊಯ್ದ ಕಾಯಿಯ ಸಕ್ಕರೆ ಬೇಗ ಸವೆಯುತ್ತದೆ.

ಮುಖ್ಯವಾದುದು ಹೊತ್ತು, ದೂರವಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಹತ್ತಿರದಲ್ಲಿ ಬೆಳೆದುದೆಲ್ಲ ಉತ್ತಮ, ದೂರದಿಂದ ಬಂದುದೆಲ್ಲ ಅಧಮ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ತರಕಾರಿಯ ಕೋಶಗಳು ಮೈಲಿಗಳನ್ನು ಎಣಿಸುವುದಿಲ್ಲ. ಗಂಟೆಗಳನ್ನೂ ಡಿಗ್ರಿಗಳನ್ನೂ ಎಣಿಸುತ್ತವೆ. ಪಕ್ಕದ ಹಳ್ಳಿಯಿಂದಲೇ ಬಂದು ಹಗಲೆಲ್ಲ ಬಿಸಿಲಿನಲ್ಲಿ ಬಿದ್ದಿರುವ ಸೊಪ್ಪಿಗಿಂತ, ದೂರದಿಂದ ತಣ್ಣನೆಯ ಪೆಟ್ಟಿಗೆಯಲ್ಲಿ ಬಂದ ಸೊಪ್ಪು ಮೇಲಾಗಿರಬಹುದು. ಕೊಯ್ದ ಕೆಲವೇ ಗಂಟೆಗಳಲ್ಲಿ ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಕಿಣ್ವಗಳನ್ನು ನಿಷ್ಕ್ರಿಯಗೊಳಿಸಿ, ಕೂಡಲೇ ಹೆಪ್ಪುಗಟ್ಟಿಸಿದ ಬಟಾಣಿಯಲ್ಲಿ, ಅಂಗಡಿಯಲ್ಲಿ ನಾಲ್ಕು ದಿನ ಇದ್ದ ಹಸಿ ಬಟಾಣಿಗಿಂತ ಹೆಚ್ಚು ಜೀವಸತ್ವ ಉಳಿದಿರುವುದುಂಟು.

ಆದರೂ ತಣ್ಣನೆಯ ಲಾರಿಗಳಿಗೂ ಹೆಪ್ಪುಗಟ್ಟಿಸುವ ಯಂತ್ರಗಳಿಗೂ ಹಣ ಬೇಕು, ವಿದ್ಯುತ್ತು ಬೇಕು. ಇವಾವುವೂ ಇಲ್ಲದೆ ಹೊತ್ತನ್ನು ಮೊಟಕುಗೊಳಿಸುವ ಹಳೆಯ ಉಪಾಯವೇ ಸಂತೆ. ಬೆಳಗಿನ ಜಾವ ಕೊಯ್ದುದು ಹತ್ತು ಗಂಟೆಗೆ ಮಾರಾಟವಾಗಿ ಮಧ್ಯಾಹ್ನಕ್ಕೆ ಒಲೆಯ ಮೇಲಿರುತ್ತದೆ. ಬೆಳೆಗಾರನು ಕೊಳ್ಳುವವನಿಗೆ ನೇರವಾಗಿ ಮಾರುವ ಈ ಪದ್ಧತಿಯನ್ನು ಸರಕಾರಗಳೂ ಹಲವೆಡೆ ಹೊಸದಾಗಿ ಏರ್ಪಡಿಸಿವೆ. ಪಂಜಾಬಿನಲ್ಲಿ 1987ರಲ್ಲಿ ಅಪ್ನೀ ಮಂಡಿಗಳೂ, ಆಂಧ್ರಪ್ರದೇಶದಲ್ಲಿ 1999ರಲ್ಲಿ ರೈತು ಬಜಾರ್‌ಗಳೂ, ಅದೇ ವರ್ಷ ತಮಿಳುನಾಡಿನ ಮಧುರೆಯಲ್ಲಿ ಉಳವರ್ ಸಂದೈ ಎಂಬ ರೈತರ ಸಂತೆಯೂ ಆರಂಭವಾದವು. ಬೆಂಗಳೂರಿನಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಮುಂದೆ ಹಾಪ್‌ಕಾಮ್ಸ್ ಎಂದು ಪ್ರಸಿದ್ಧವಾಯಿತು.

ಹೊಲದಲ್ಲಿಯೇ ತಂಪನ್ನು ಒದಗಿಸುವ ಒಂದು ಅಗ್ಗದ ಸಾಧನವೂ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ತಂಪುಗೂಡಿಗೆ ವಿದ್ಯುತ್ತು ಬೇಕಿಲ್ಲ. ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳನ್ನು ತುಂಬಿ ದಿನಕ್ಕೆರಡು ಸಲ ನೀರು ಹನಿಸಿದರಾಯಿತು; ನೀರು ಆರುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಣಹವೆಯ ಬೇಸಗೆಯಲ್ಲಿ ಗೂಡಿನ ಒಳಗೆ ಹೊರಗಿಗಿಂತ 10 ಡಿಗ್ರಿಗೂ ಮಿಕ್ಕು ತಂಪಿರುತ್ತದೆ. ನಮ್ಮ ಮಣ್ಣಿನ ಹೂಜಿಯಲ್ಲಿ ಕುಡಿಯುವ ನೀರು ತಣ್ಣಗಾಗುವ ತತ್ತ್ವವೇ ಇದು.

ಒಲೆಯ ಮೇಲೆ

ಚೆನ್ನಾದ ಕಾಯಿಯನ್ನು ಕೊಂಡು ತಂದ ಮೇಲೆ ಅದನ್ನು ಕೆಡಿಸದೆ ಬೇಯಿಸುವುದೂ ಒಂದು ವಿದ್ಯೆ. ಕಾಳು ಬೇಯುವುದು ಎಂದರೇನು? ಸಸ್ಯದ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗಾರೆ ಪೆಕ್ಟಿನ್ ಎಂಬ ವಸ್ತು. ಕುದಿನೀರಿನಲ್ಲಿ ಈ ಗಾರೆ ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ. ಒಳಗಿನ ಪಿಷ್ಟ ನೀರನ್ನು ಹೀರಿ ಉಬ್ಬುತ್ತದೆ. ಹುಳಿಯ ಸಂಪರ್ಕದಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಕಾಳು ಬೇಯುವ ಮುಂಚೆ ಹುಣಿಸೆಯ ರಸವನ್ನು ಹಾಕಬಾರದೆಂದು ಅಡಿಗೆ ಬಲ್ಲವರು ಹೇಳುವುದು ಇದಕ್ಕಾಗಿಯೇ. ಸುಣ್ಣದ ಅಂಶ ಹೆಚ್ಚಾಗಿರುವ ಗಡುಸು ನೀರಿನಲ್ಲಿಯೂ ಕಾಳು ಬೇಯುವುದು ತಡ. ಕ್ಯಾಲ್ಸಿಯಮ್ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ.

ಸೊಪ್ಪಿನ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಮ್ ಲೋಹದ ಒಂದು ಪರಮಾಣು ಇದೆ. ಈ ವರ್ಣದ್ರವ್ಯದ ಸಂಶೋಧನೆಗಾಗಿ ಜರ್ಮನಿಯ ವಿಲ್‌ಸ್ಟೆಟರ್ ಎಂಬವರಿಗೆ 1915ರ ನೊಬೆಲ್ ಬಹುಮಾನ ಸಂದಿತು. ಬೇಯುವಾಗ ಎಲೆಯೊಳಗಿನ ಆಮ್ಲಗಳು ಹೊರಬಿದ್ದು ಮೆಗ್ನೀಸಿಯಮನ್ನು ಕಿತ್ತು ಆ ಜಾಗದಲ್ಲಿ ಜಲಜನಕವನ್ನು ಕೂರಿಸುತ್ತವೆ. ಹಸಿರು ಹೋಗಿ ಮಾಸಲು ಕಂದು ಬಣ್ಣ ಬರುತ್ತದೆ. ಮೊದಲ ಕೆಲವು ನಿಮಿಷ ಮುಚ್ಚಳವನ್ನು ತೆಗೆದಿಟ್ಟರೆ ಆವಿಯಾಗಬಲ್ಲ ಆಮ್ಲಗಳು ಹಾರಿಹೋಗುವುದರಿಂದ ಬಣ್ಣ ಉಳಿಯುತ್ತದೆ. ಕೆಲವರು ಹಸಿರಿಗಾಗಿ ಸೋಡಾಪುಡಿಯನ್ನು ಹಾಕುತ್ತಾರೆ. ಬಣ್ಣ ಉಳಿಯುವುದೇನೋ ನಿಜ. ಆದರೆ ಕ್ಷಾರದಿಂದ ಥಯಮಿನ್ ಎಂಬ ಬಿ ಜೀವಸತ್ವ ನಾಶವಾಗುತ್ತದೆ, ಸೊಪ್ಪು ಲೋಳೆಯಾಗುತ್ತದೆ. ಕೊಯ್ದ ದಿನದ ಸೊಪ್ಪನ್ನು ಸ್ವಲ್ಪವೇ ಹೊತ್ತು ಬೇಯಿಸಿದರೆ ಸೋಡಾ ಬೇಕಾಗುವುದೇ ಇಲ್ಲ.

ಚೆಲ್ಲಬಾರದ ನೀರು, ಚೆಲ್ಲಬೇಕಾದ ನೀರು

ಸಿ ಜೀವಸತ್ವವೂ ಬಿ ಗುಂಪಿನ ಹಲವು ಜೀವಸತ್ವಗಳೂ ಲವಣಗಳೂ ನೀರಿನಲ್ಲಿ ಕರಗುತ್ತವೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೆ ತೊಳೆದ ನೀರಿನೊಡನೆಯೂ, ಬೇಯಿಸಿ ಬಸಿದು ಚೆಲ್ಲಿದರೆ ಬಸಿದ ನೀರಿನೊಡನೆಯೂ ಇವು ಹೋಗಿಬಿಡುತ್ತವೆ. ಈ ದೃಷ್ಟಿಯಿಂದ ದಕ್ಷಿಣ ಕರ್ನಾಟಕದ ಬಸ್ಸಾರು ಬಹು ವಿವೇಕದ ಅಡಿಗೆ. ಸೊಪ್ಪನ್ನೂ ಹಸಿಕಾಳನ್ನೂ ಒಟ್ಟಿಗೆ ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಖಾರವನ್ನು ಅರೆದು ಹಾಕಿ ಸಾರು ಮಾಡುತ್ತಾರೆ. ಉಳಿದ ಸೊಪ್ಪುಕಾಳುಗಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರೆ. ಹೊರಚೆಲ್ಲುವುದು ಏನೂ ಇಲ್ಲ. ಶಾಖದಿಂದ ನಾಶವಾದ ಸಿ ಜೀವಸತ್ವಕ್ಕೆ ಬದಲಾಗಿ ಊಟದ ಹೊತ್ತಿಗೆ ನಿಂಬೆಯ ರಸವನ್ನು ಹಿಂಡಿಕೊಂಡರೆ, ಸೊಪ್ಪಿನಲ್ಲಿರುವ ಕಬ್ಬಿಣವು ದೇಹಕ್ಕೆ ಹತ್ತುವುದಕ್ಕೂ ಅದರಿಂದ ಸಹಾಯವಾಗುತ್ತದೆ.

ಹಾಗೆಂದು ಎಲ್ಲ ನೀರನ್ನೂ ಉಳಿಸಿಕೊಳ್ಳಬಾರದು. ಮಲೆನಾಡಿನಲ್ಲಿ ಮಳೆಗಾಲದ ಕಾಯಿಪಲ್ಯವೆಂದರೆ ಕಳಲೆ. ಈ ಎಳೆಯ ಬಿದಿರುಮೊಳಕೆಯಲ್ಲಿ ಸಯನೈಡ್ ವಿಷವನ್ನು ಹುಟ್ಟಿಸಬಲ್ಲ ಸಂಯುಕ್ತವೊಂದಿದೆ. ಕಳಲೆಯನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನದಿನವೂ ಆ ನೀರನ್ನು ಚೆಲ್ಲಿ, ಅನಂತರ ಬೇಯಿಸುವ ಪದ್ಧತಿಯಿಂದ ಈ ವಿಷ ಕಳೆಯುತ್ತದೆ. ಬಲಿತು ಒಣಗಿದ ಅವರೆಕಾಳಿನಲ್ಲಿಯೂ ಇದೇ ಜಾತಿಯ ಸಂಯುಕ್ತಗಳು ಇವೆ. ಪ್ರೋಟೀನು ಜೀರ್ಣವಾಗುವುದನ್ನು ತಡೆಯುವ ವಸ್ತುಗಳೂ ಇವೆ. ಆದ್ದರಿಂದ ಒಣಗಾಳನ್ನು ಇರುಳೆಲ್ಲ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು, ಹಸಿಯಾಗಿ ತಿನ್ನಬಾರದು. ಸಿಹಿಯನ್ನು ಪರೀಕ್ಷಿಸಲು ಎಳೆಗಾಳನ್ನು ಒಂದೆರಡು ಬಾಯಿಗೆ ಹಾಕಿಕೊಳ್ಳಬಹುದೇ ಹೊರತು ಅದನ್ನೂ ಬೇಯಿಸಿಯೇ ಉಣ್ಣಬೇಕು. ಹಿದುಕಿದ ಬೇಳೆಗಾಗಿ ಕಾಳನ್ನು ನೆನೆಸಿ, ಬೆರಳಿನಿಂದ ಹಿದುಕಿ ಸಿಪ್ಪೆ ತೆಗೆಯುವ ಶ್ರಮದಿಂದ ಬೇಳೆ ಬೇಗ ಬೇಯುತ್ತದೆ. ಸಿಪ್ಪೆಯ ಒಗರೂ ಹೋಗುತ್ತದೆ.

ಒಂದೇ ಹೊಲ, ಒಂದೇ ತಟ್ಟೆ

ಅವರೆಕಾಳಿನ ಸಾರಿನ ಜೊತೆಗೆ ರಾಗಿಯ ಮುದ್ದೆ ಇರುವುದು ನಮ್ಮಲ್ಲಿ ವಾಡಿಕೆ. ಇವೆರಡೂ ಹೊಲದಲ್ಲಿಯೇ ಜೊತೆಯಾದವು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಬಿತ್ತುವ ಕ್ರಮ ಬಹು ಹಳೆಯದು. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಬಳ್ಳಿಗೆ ಒದಗಿಸುತ್ತವೆ. ಉದುರಿದ ಎಲೆಗಳ, ಉಳಿದ ಬೇರುಗಳ ಮೂಲಕ ಅದರಲ್ಲಿ ಒಂದು ಪಾಲು ನೆಲಕ್ಕೂ ಸೇರುತ್ತದೆ. ಈ ರಹಸ್ಯವನ್ನು 1886ರಲ್ಲಿ ಬಯಲಿಗೆ ತಂದವರು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್.

ತಟ್ಟೆಯಲ್ಲಿಯೂ ಇವು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಸಾಲದು. ಅವರೆಯಲ್ಲಿ ಅದು ಸಮೃದ್ಧ. ಅವರೆಯಲ್ಲಿ ಮೆಥಿಯೋನೀನ್ ಸಾಲದು. ರಾಗಿಯಲ್ಲಿ ಅದು ಚೆನ್ನಾಗಿದೆ. ಇದರ ಮೇಲೆ 100 ಗ್ರಾಮ್ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕ ಕ್ಯಾಲ್ಸಿಯಮ್ ಇದೆ. ಬೆಳೆಯುವ ವಯಸ್ಸಿನ ವಿದ್ಯಾರ್ಥಿಗಳು ಈ ಊಟವನ್ನು ಹಳೆಯ ಕಾಲದ್ದೆಂದು ಕಡೆಗಣಿಸಬಾರದು.

ಸಂತೆ ಇಳಿಯುವ ಹೊತ್ತು

ಉಸಿರಾಟದ ಈ ಪಾಠಕ್ಕೆ ಅಡಿಗೆಮನೆಯ ಆಚೆಗೂ ಒಂದು ಅರ್ಥವಿದೆ. ಸಂತೆಯಲ್ಲಿ ಬೆಳಿಗ್ಗೆ ಒಂದು ಬೆಲೆಗೆ ಮಾರುವ ಸೊಪ್ಪು ಹೊತ್ತು ಇಳಿದಂತೆ ಅರ್ಧ ಬೆಲೆಗೆ, ಕೊನೆಗೆ ಕೇಳಿದ ಬೆಲೆಗೆ ಹೋಗುವುದನ್ನು ಎಲ್ಲರೂ ನೋಡಿರುತ್ತಾರೆ. ರಾಗಿಯ ಬೆಲೆ ಬಿದ್ದರೆ ರೈತ ಅದನ್ನು ಮನೆಯಲ್ಲಿಟ್ಟುಕೊಂಡು ಒಳ್ಳೆಯ ದಿನಕ್ಕಾಗಿ ಕಾಯಬಲ್ಲ. ಸೊಪ್ಪು ಬೆಳೆದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಮಾರುತ್ತಿರುವುದು ಕ್ಷಣಕ್ಷಣಕ್ಕೂ ತನ್ನನ್ನೇ ಸವೆಸಿಕೊಳ್ಳುತ್ತಿರುವ ಜೀವವಸ್ತು. ಅದನ್ನು ಮನೆಗೆ ಹಿಂದಕ್ಕೆ ಒಯ್ದರೆ ನಾಳೆಗೆ ಬೆಲೆಯೇ ಇಲ್ಲ. ಚೌಕಾಸಿಯಲ್ಲಿ ಅವನು ಸೋಲುವುದಕ್ಕೆ ಕಾರಣ ಅವನ ಮಾತಿನ ಬಡತನವಲ್ಲ, ಎಲೆಯ ಉಸಿರು. ಈ ವಿಷಯವನ್ನು ತಿಳಿದವರು ಎಳೆಯ ಕಾಯಿಪಲ್ಯಗಳನ್ನು ಬೆಳಿಗ್ಗೆಯೇ ಕೊಳ್ಳುವುದು, ಬೆಳಗಿನ ಬೆಲೆಯನ್ನೇ ಕೊಡುವುದು ಉಚಿತ. ಅದರಿಂದ ಸಕ್ಕರೆ, ಜೀವಸತ್ವಗಳು ಕೊಂಡವರ ಪಾಲಿಗೆ ಉಳಿಯುತ್ತವೆ. ಬೆಳೆದವನ ಶ್ರಮಕ್ಕೂ ನ್ಯಾಯ ದೊರೆಯುತ್ತದೆ.

ಮಾಡಿ ನೋಡಿ

1. ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಹಸಿ ಅವರೆಕಾಯಿಯನ್ನೂ, ಅಂಥದೇ ಇನ್ನೊಂದು ಜಾಡಿಯಲ್ಲಿ ಅಷ್ಟೇ ತೂಕದ ಈರುಳ್ಳಿಯನ್ನೂ ಹಾಕಿ. ಎರಡರಲ್ಲಿಯೂ ತಿಳಿಯಾದ ಸುಣ್ಣದ ನೀರಿನ ಒಂದೊಂದು ಬಟ್ಟಲನ್ನು ಇಟ್ಟು ಬಿಗಿಯಾಗಿ ಮುಚ್ಚಿ. ಯಾವುದರಲ್ಲಿ ಸುಣ್ಣದ ನೀರು ಮೊದಲು ಬೆಳ್ಳಗಾಗುತ್ತದೆ? ಕಾರಣವನ್ನು ಬರೆಯಿರಿ.

2. ಬಾಡಿದ ಕೊತ್ತಂಬರಿಯ ಒಂದು ಕಟ್ಟನ್ನು ಎರಡು ಪಾಲು ಮಾಡಿ. ಒಂದು ಪಾಲಿನ ತೊಟ್ಟುಗಳ ತುದಿಯನ್ನು ಕತ್ತರಿಸಿ ನೀರಿನಲ್ಲಿ ನಿಲ್ಲಿಸಿ. ಇನ್ನೊಂದನ್ನು ಹಾಗೆಯೇ ಬಿಡಿ. ಎರಡು ಗಂಟೆಗಳ ಅನಂತರ ಹೋಲಿಸಿ. ನೀರಿನಿಂದ ಎಲೆ ಮತ್ತೆ ಸೆಟೆದು ನಿಂತರೂ, ಕಳೆದುಹೋದ ಸಿ ಜೀವಸತ್ವ ಹಿಂದಿರುಗಿ ಬರುತ್ತದೆಯೆ ಎಂದು ಆಲೋಚಿಸಿ.

3. ನೆನೆಸಿದ ಅವರೆಕಾಳನ್ನು ಎರಡು ಪಾತ್ರೆಗಳಲ್ಲಿ ಒಂದೇ ಉರಿಯಲ್ಲಿ ಬೇಯಿಸಿ. ಒಂದಕ್ಕೆ ಮೊದಲೇ ಒಂದು ಚಮಚ ಹುಣಿಸೆಯ ರಸವನ್ನು ಹಾಕಿ. ಹತ್ತು ನಿಮಿಷಕ್ಕೊಮ್ಮೆ ಎರಡರಿಂದಲೂ ಒಂದೊಂದು ಕಾಳನ್ನು ತೆಗೆದು ಬೆರಳುಗಳ ನಡುವೆ ಹಿಸುಕಿ ನೋಡಿ, ಪ್ರತಿಯೊಂದೂ ಮೆತ್ತಗಾಗಲು ಹಿಡಿದ ಹೊತ್ತನ್ನು ಗುರುತು ಹಾಕಿಕೊಳ್ಳಿ.